ಮೊದಲು ತಪ್ಪು, ಆಮೇಲೆ ಮಾತು

ಕಳೆದ ಭಾನುವಾರ ಕನ್ನಡಕದ ಡಬ್ಬಿಯನ್ನು ಹುಡುಕುತ್ತ ಹಳೆಯ ಬಟ್ಟೆ ಚೀಲವೊಂದನ್ನು ಮಂಚದ ಮೇಲೆ ಸುರಿದೆ. ಒಂದು ಭೂತಗನ್ನಡಿ, ಮೊಂಡಾದ ಪೆನ್ಸಿಲು, ಎರಡು ಬಸ್ ಟಿಕೆಟ್ಟು ಮತ್ತು ಕೆಂಪು ಸ್ಪಂಜಿನ ಒಂದು ಮುದ್ದೆ ಹೊರಗೆ ಬಿದ್ದವು. ಮೊದಲ ಮೂರು ನನ್ನವೆಂಬುದರಲ್ಲಿ ಸಂದೇಹವಿರಲಿಲ್ಲ. ನಾಲ್ಕನೆಯದು ಪಾತ್ರೆ ಉಜ್ಜುವ ವಸ್ತುವಿರಬೇಕೆಂದು ಊಹಿಸಿ ಸಿಂಕಿನ ಪಕ್ಕದಲ್ಲಿಟ್ಟೆ. ನಮ್ಮ ಮನೆಗೆಲಸದ ಜಯಮ್ಮ ಅದನ್ನೆತ್ತಿ, ಒಳಗೆ ಬೆರಳು ತೂರಿಸಿ, "ಇದು ಒಳ್ಗೆ ಟೊಳ್ಳು ಕಣಮ್ಮ. ಪಾತ್ರೆ ಉಜ್ಜಕ್ಕೆ ಬರಕಿಲ್ಲ. ಯಾವ್ದೋ ಮಗೀನ ಟೋಪಿ ಇದ್ದಂಗೈತೆ" ಎಂದಳು.

ಟೋಪಿಯೆಂಬುದು ಸರಿಯಾಗಿತ್ತು. ಆದರೆ ಮಗುವಿನದಲ್ಲ, ಮೈಕಿನದು. ಮಾತನಾಡುವವರ ಉಸಿರು ನೇರವಾಗಿ ಬಡಿದು ಸದ್ದಾಗದಿರಲೆಂದು ಮೈಕಿನ ತಲೆಗೆ ತೊಡಿಸುವ ಸ್ಪಂಜಿನ ಹೊದಿಕೆ. ಅದು ನನ್ನ ಚೀಲಕ್ಕೆ ಬಂದದ್ದು ಹೇಗೆಂದು ಹೇಳಬೇಕಾದರೆ ನನ್ನ ಜೀವನದ ಅತ್ಯಂತ ದೊಡ್ಡ ವಿದ್ವತ್ಪ್ರಮಾದವನ್ನೂ ಹೇಳಬೇಕಾಗುತ್ತದೆ. ಯಾವ ದಿನ ಬಂದಿತೆಂಬುದನ್ನು ಬಸ್ ಟಿಕೆಟ್ಟು ನೋಡಿ ಖಚಿತಪಡಿಸಿಕೊಳ್ಳೋಣವೆಂದರೆ ಅದರ ಶಾಯಿ ಪೂರ್ತಿ ಹಾರಿಹೋಗಿದೆ. ಎಂಟು ನೂರು ವರ್ಷ ಮಳೆಗೆ ನೆನೆದ ಕಲ್ಲಿನ ಅಕ್ಷರವನ್ನು ಓದಿದವಳಿಗೆ ಒಂದು ವರ್ಷವೂ ಆಗದ ಬಸ್ ಟಿಕೆಟ್ಟನ್ನು ಓದಲಾಗಲಿಲ್ಲ. ಆದಕಾರಣ ದಿನಾಂಕವನ್ನು ಬರೆಯುತ್ತಿಲ್ಲ, ಓದುಗರು ಕ್ಷಮಿಸಬೇಕು.

ನನ್ನ ಪರಿಚಯ ಎರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಮೈಸೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಶಾಸನಗಳನ್ನು ಓದಿ, ನಿವೃತ್ತಳಾಗಿ, ಹುಟ್ಟಿದ ಊರಾದ ಮದ್ದೂರಿಗೆ ಬಂದು ನೆಲೆಸಿದವಳು. ಎರಡು ಆಧಾರಗಳಿಲ್ಲದೆ ಯಾವ ಸಂಗತಿಯನ್ನೂ ಒಪ್ಪದವಳು. ಈ ಗುಣದಿಂದ ವಿದ್ವತ್ತಿಗೆ ಎಷ್ಟು ಲಾಭವಾಯಿತೋ ತಿಳಿಯದು, ಬಂಧುಬಳಗಕ್ಕೆ ಮಾತ್ರ ಸಾಕಷ್ಟು ಉಪದ್ರವವಾಗಿದೆ. ತಂಗಿಯ ಮಗನ ನಾಮಕರಣದ ಕರೆಯೋಲೆಯಲ್ಲಿ ತಿಥಿಗೂ ವಾರಕ್ಕೂ ತಾಳೆಯಾಗುವುದಿಲ್ಲವೆಂದು ಪಂಚಾಂಗ ಹಿಡಿದು ಹೋದವಳು ನಾನು. ಅಂದು ನನ್ನ ಎಲೆಯನ್ನು ಪುರೋಹಿತರಿಗೆ ಕಾಣದಷ್ಟು ದೂರದ ಪಂಕ್ತಿಯಲ್ಲಿ ಹಾಕಿಸಿದ್ದರು.

ಮೈಕಿನ ಟೋಪಿಯ ಒಡತಿ ರುಕ್ಸಾನಾ. ಪೇಟೆ ಬೀದಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಅಮೀರ್ ಸಾಬರ ಮಗಳು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳನ್ನು ಬಿಚ್ಚಿ, ಕರಿಕಾದ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತಿ ಕೊಡುವುದು ಸಾಬರ ಕಸುಬು. ಒಂದು ಸುರುಳಿಗೆ ಇಷ್ಟೇ ಸುತ್ತು ಎಂಬ ಲೆಕ್ಕವಿದೆ. ಒಂದೆರಡು ಸುತ್ತು ತಪ್ಪಿದರೂ ಮೋಟಾರು ಬಿಸಿಯಾಗಿ ಮತ್ತೆ ಸುಡುತ್ತದೆ. ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ರುಕ್ಸಾನಾ ಅಪ್ಪನೆದುರು ಕುಳಿತು ಸುತ್ತುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. ಬಸ್ಸು, ಟೆಂಪೊ, ಎತ್ತಿನಗಾಡಿ, ಎದುರಂಗಡಿಯ ಕೊಬ್ಬರಿ ಗಿರಣಿ, ಇವೆಲ್ಲದರ ಸದ್ದನ್ನು ಮೀರಿ ಅಪ್ಪನ ಕಿವಿಗೆ ಬೀಳುವಂತೆ, ಆದರೆ ಕಿರಿಚದೆ ಎಣಿಸಬೇಕಾಗಿತ್ತು. ಅವಳ ದನಿ ತಯಾರಾದ ಪಾಠಶಾಲೆ ಅದು.

ನಮ್ಮ ಮನೆಯ ಮೋಟಾರು ಸುಟ್ಟುಹೋದ ವರ್ಷ ನಾನು ಮೊದಲ ಸಲ ಆ ಅಂಗಡಿಗೆ ಹೋದೆ. (ಇಸವಿ ಬರೆಯದಿರಲು ಕಾರಣ, ನನ್ನ ದಿನಚರಿಗೂ ಸಾಬರ ನೆನಪಿಗೂ ಒಂದು ವರ್ಷದ ವ್ಯತ್ಯಾಸವಿದೆ.) ಆಗ ಡಿಪ್ಲೊಮಾ ಓದುತ್ತಿದ್ದ ರುಕ್ಸಾನಾ ನನ್ನನ್ನು ನೋಡಿ, "ಮೇಡಂ, ನೀವು ಕಲ್ಲು ಓದೋರಂತೆ. ಯಾರೂ ಓದ್ದೇ ಇರೋದ್ನ ಓದೋದು ಹೆಂಗೆ?" ಎಂದು ಕೇಳಿದಳು. ಅದಕ್ಕೆ ಉತ್ತರವನ್ನು ಹೇಳುತ್ತ ಹೋಗಿ ನಾನು ಎರಡು ತಾಸು ಅಲ್ಲಿಯೇ ಕುಳಿತುಬಿಟ್ಟೆ. ಸಾಬರು ನನ್ನನ್ನು "ಟೀಚರಮ್ಮ" ಎಂದು ಕರೆಯತೊಡಗಿದ್ದು ಅಂದಿನಿಂದಲೇ. ನಾನು ಜನ್ಮದಲ್ಲಿ ಎಂದೂ ಪಾಠ ಮಾಡಿದವಳಲ್ಲವೆಂದು ಹಲವು ಸಲ ತಿದ್ದಿದ್ದೇನೆ. "ಸರಿ ಬುಡಿ ಟೀಚರಮ್ಮ" ಎನ್ನುತ್ತಾರೆ.

ಅಂಗಡಿಯ ಮುಂಬಾಗಿಲಿನ ಚೌಕಟ್ಟಿಗೆ ಬಡಿದಿದ್ದ ಒಂದು ದಪ್ಪ ಮೊಳೆಯನ್ನು ನಾನು ಗಮನಿಸಿದ್ದು ಆ ದಿನವೇ. ಅದರಲ್ಲಿ ಕರಿಬಡಿದ ತಂತಿಯ ಸುರುಳಿಯೊಂದು ನೇತಾಡುತ್ತಿತ್ತು. ದೃಷ್ಟಿಗೆ ಕಟ್ಟಿದ್ದಿರಬೇಕೆಂದು ಭಾವಿಸಿ ಕೇಳಿದೆ. ಸಾಬರು ವಾರ್ನಿಶ್ ಬಳಿಯುತ್ತಲೇ, "ನಾನು ಸುತ್ತಿದ್ ಮೋಟ್ರು ಸುಟ್ಕಂಡು ವಾಪಸ್ ಬಂದ್ರೆ ಆ ಸುರುಳಿ ಅಲ್ಲಿ ನೇತಾಕ್ತೀನಿ. ರಿಪೇರಿ ಆಗಿ, ಗಿರಾಕಿ ಹೊಲ್ದಲ್ಲಿ ನೀರ್ ಬಂದ್ಮೇಲೆ ಇಳುಸ್ತೀನಿ" ಎಂದರು.

"ಗಿರಾಕಿಗಳು ನೋಡಿದರೆ ಹಿಂದಕ್ಕೆ ಹೋಗುವುದಿಲ್ಲವೇ?"

"ಓಗೋರು ಓಯ್ತಾರೆ. ತಪ್ಪು ಮುಂದ್ಗಡೆ ಇರ್ಬೇಕು ಟೀಚರಮ್ಮ. ಇಂದ್ಗಡೆ ಇಟ್ರೆ ಮರ್ತೋಯ್ತದೆ."

ಇಂಥ ಮಾತನ್ನು ನಾನು ಯಾವ ವಿಚಾರಸಂಕಿರಣದಲ್ಲಿಯೂ ಕೇಳಿರಲಿಲ್ಲ. ನಮ್ಮಲ್ಲಿ ತಪ್ಪುಗಳನ್ನು ಪಟ್ಟಿಮಾಡುವ ಒಪ್ಪೋಲೆಯನ್ನು ಗ್ರಂಥದ ಕಟ್ಟಕಡೆಗೆ, ಸೂಚಿಯೂ ಮುಗಿದ ಮೇಲೆ, ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚುಹಾಕಿಸುವುದು ವಾಡಿಕೆ.

ಓದು ಮುಗಿಸಿದ ರುಕ್ಸಾನಾ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ಜೊತೆಯ ಹೆಂಗಸರು ತಮ್ಮ ಮೊಬೈಲುಗಳನ್ನು ಅವಳ ಮಡಿಲಿಗೆ ಹಾಕುತ್ತಿದ್ದರು. ಒಬ್ಬಳದು ಚಾರ್ಜು ನಿಲ್ಲುವುದಿಲ್ಲ, ಇನ್ನೊಬ್ಬಳ ಫೋಟೊಗಳು ಕಾಣೆಯಾಗಿವೆ. ಬಸ್ಸಿನ ಸದ್ದಿನಲ್ಲಿ ಹೇಳಿದ್ದು ಅರ್ಧ ಕೇಳಿಸದು. ಹಾಗಾಗಿ ಅವಳು ಉತ್ತರಗಳನ್ನು ದನಿಮುದ್ರಿಸಿ ವಾಟ್ಸಾಪಿನಲ್ಲಿ ಕಳುಹಿಸತೊಡಗಿದಳು. ಒಂದು ಉತ್ತರ ನನಗೆ ಬಾಯಿಪಾಠವಾಗಿದೆ: "ಫೋನು ಯಾಕೆ ಬಿಸಿ ಆಯ್ತದೆ ಅಂತ ಕೇಳಿದ್ಯಲ್ಲ ಸಾವಿತ್ರಿ, ಆಲೆಮನೆ ಗಾಣ ಬಿಸಿ ಆಗಕಿಲ್ವಾ? ಅಂಗೇಯ. ಕೆಲ್ಸ ಮಾಡೋದೆಲ್ಲ ಬಿಸಿ ಆಯ್ತದೆ. ಕೆಲ್ಸ ಮಾಡ್ದೇನೇ ಬಿಸಿ ಆದ್ರೆ ಮಾತ್ರ ಅನ್ಮಾನ ಪಡು. ಫೋನಾದ್ರೂ ಸರಿ, ಗಂಡ ಆದ್ರೂ ಸರಿ."

ಈ ಉತ್ತರ ಸಾವಿತ್ರಿಯ ಬಳಿ ನಿಲ್ಲಲಿಲ್ಲ. ಸೋಮನಹಳ್ಳಿಗೆ ಹೋಯಿತು, ಆತಗೂರಿಗೆ ಹೋಯಿತು. ಅಲ್ಲಿಂದ ಪಂಪ್‌ಸೆಟ್ಟಿನ ಸ್ಟಾರ್ಟರು ಏಕೆ ಪದೇಪದೇ ಬೀಳುತ್ತದೆಂಬ ಪ್ರಶ್ನೆಯನ್ನು ಹಿಡಿದುಕೊಂಡು ವಾಪಸು ಬಂತು. ಮಂಡ್ಯದ ಸಣ್ಣ ಬಾನುಲಿ ಕೇಂದ್ರವೊಂದು ವಾರಕ್ಕೆ ಅರ್ಧ ಗಂಟೆ ಕೊಟ್ಟಿತು. ಮೊದಲ ವಾರ ಅವಳು ಕಾಗದದಲ್ಲಿ ಬರೆದುಕೊಂಡು ಬಹಳ ಗಂಭೀರವಾಗಿ ಓದಿದಳು. ಅಂಗಡಿಯಲ್ಲಿ ರೇಡಿಯೊ ಹಚ್ಚಿ ಕುಳಿತಿದ್ದ ಸಾಬರು ಮುಗಿಯುವವರೆಗೆ ಕೇಳಿ ನನ್ನ ಕಡೆ ತಿರುಗಿದರು. "ಯಾರೋ ಆಫೀಸರಮ್ಮ ಮಾತಾಡುದ್ಲು. ನಮ್ ಉಡ್ಗಿ ಯಾವಾಗ ಬತ್ತಾಳೆ?" ಎರಡನೆಯ ವಾರದಿಂದ ಕಾಗದ ಹೋಯಿತು, ಹುಡುಗಿ ಬಂದಳು.

ಬಾನುಲಿಯಿಂದ ಸ್ವಂತ ಪಾಡ್‌ಕಾಸ್ಟಿಗೆ ಅವಳು ಬಂದದ್ದು ಮೂರನೆಯ ಮಜಲು. "ಮುಚ್ಚಳ ತೆಗೆದು" ಎಂದು ಹೆಸರು. ಪ್ರತಿ ಸಂಚಿಕೆಯಲ್ಲಿ ಒಂದು ಯಂತ್ರದ ಮುಚ್ಚಳ ತೆಗೆದು, ಒಳಗಿರುವುದನ್ನು ಮಾತಿನಲ್ಲಿಯೇ ತೋರಿಸುತ್ತಾಳೆ. ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ರಜಾಯಿಗಳನ್ನು ತೂಗುಹಾಕಿ ಸದ್ದು ಅಡಗಿಸಿದ್ದಾಳೆ. ಅದೇ ಅವಳ ಸ್ಟುಡಿಯೊ. ಅವಳ ಒಂದು ಕ್ರಮ ಮಾತ್ರ ಬೇರೆಲ್ಲಿಯೂ ಇಲ್ಲ. ನಮಸ್ಕಾರಕ್ಕೂ ಮೊದಲು, ಹಿಂದಿನ ಸಂಚಿಕೆಯಲ್ಲಾದ ತಪ್ಪನ್ನು ಹೇಳುತ್ತಾಳೆ. ಯಾರು ತಪ್ಪು ಮಾಡಿದರೋ ಅವರೇ, ಅವರ ದನಿಯಲ್ಲಿಯೇ ಹೇಳಬೇಕು. ಅಪ್ಪನ ಮೊಳೆಯನ್ನು ಮಗಳು ಮೈಕಿಗೆ ಬಡಿದಿದ್ದಳು.

ನಾನು ಇದರೊಳಗೆ ಬಂದದ್ದು ಒಂದು ಪತ್ರದಿಂದ. ಟ್ರಾನ್ಸಿಸ್ಟರ್ ಕುರಿತ ಸಂಚಿಕೆಯಲ್ಲಿ ಅವಳು ಹೇಳಿದ ಇಸವಿಯೊಂದು ತಪ್ಪೆಂದು ಮೂರು ಪುಟಗಳ ಪತ್ರ ಬರೆದೆ. ಮುಂದಿನ ಸಂಚಿಕೆಯ ಆರಂಭದಲ್ಲಿ ತಪ್ಪನ್ನೊಪ್ಪಿ, ಮಾರನೆಯ ದಿನ ಮನೆಗೆ ಬಂದಳು. "ಮೇಡಂ, ತಪ್ಪಾದ್ಮೇಲೆ ಮೂರು ಪುಟ ಬರೆಯೋ ಬದ್ಲು, ಆಗೋಕ್ ಮುಂಚೆ ಮೂರು ಸಾಲು ಬರ್ಕೊಡಿ." ಅಂದಿನಿಂದ ಪ್ರತಿ ಸಂಚಿಕೆಯ ಇಸವಿ, ಹೆಸರು, ಊರುಗಳನ್ನು ಪರಿಶೀಲಿಸಿ ಚೀಟಿಯಲ್ಲಿ ಬರೆದುಕೊಡುವುದು ನನ್ನ ಕೆಲಸ. ಕಾರ್ಯಕ್ರಮದ ಕೊನೆಯಲ್ಲಿ ನನ್ನ ಹೆಸರು ಬರುತ್ತದೆ. ಆ ಭಾಗವನ್ನು ಎರಡೆರಡು ಸಲ ಕೇಳುತ್ತೇನೆ. ಎರಡು ಆಧಾರ ಬೇಕಲ್ಲ.

ಇಷ್ಟಾಗಿರುವಾಗ, ಬೆಂಗಳೂರಿನಿಂದ ಇಂಥ ಕಾರ್ಯಕ್ರಮಗಳನ್ನು ಹೊರತರುವ ದೊಡ್ಡ ಸಂಸ್ಥೆಯೊಂದು "ಮುಚ್ಚಳ ತೆಗೆದು" ತಮಗೆ ಬೇಕೆಂದು ಕೇಳಿತು. ಅಲ್ಲಿಗೆ ಹೋದರೆ ಕನ್ನಡ ಬಲ್ಲವರು ಎಲ್ಲಿದ್ದರೂ ರುಕ್ಸಾನಾಳ ದನಿಯನ್ನು ಕೇಳಬಹುದಾಗಿತ್ತು. ಅವಳು ಕಾರ್ಖಾನೆಯ ಕೆಲಸವನ್ನು ಬಿಟ್ಟು ಪೂರ್ತಿಯಾಗಿ ಇದನ್ನೇ ಮಾಡಬಹುದಾಗಿತ್ತು. ಅವರ ಆಕ್ಷೇಪ ಒಂದೇ. ಮೊದಲಿಗೇ ತಪ್ಪೊಪ್ಪಿಕೊಂಡರೆ ಕೇಳುಗರು ಎದ್ದುಹೋಗುತ್ತಾರೆ. ತಿದ್ದುಪಡಿ ಬೇಕಿದ್ದರೆ ಕೊನೆಯಲ್ಲಿರಲಿ. ಮುಂದಿನ ಸಂಚಿಕೆಯನ್ನು ಕೇಳಿ ತೀರ್ಮಾನ ತಿಳಿಸುವುದಾಗಿ ಬರೆದಿದ್ದರು. ರುಕ್ಸಾನಾ ಚಿಂತಿಸಲಿಲ್ಲ. ಹಿಂದಿನ ಸಂಚಿಕೆ ದೂರವಾಣಿಯ ಕುರಿತದ್ದು, ಅದರ ಚೀಟಿಯನ್ನು ಬರೆದವಳು ನಾನು; ತಪ್ಪೇ ಇಲ್ಲದಿದ್ದರೆ ಹೇಳುವುದಾದರೂ ಏನು ಎಂಬ ಧೈರ್ಯ ಅವಳಿಗೆ. ನನಗೂ.

ಆ ಚೀಟಿಯಲ್ಲಿ, ಮಳವಳ್ಳಿಯ ಹಳೆಯ ಎಸ್‌ಟಿಡಿ ಬೂತುಗಳಲ್ಲೊಂದನ್ನು ನಡೆಸಿದವರು ಸಿದ್ದೇಗೌಡರೆಂದು ಬರೆದಿದ್ದೆ. ಆಧಾರಗಳು ಎರಡು. ಒಂದು, ಮದುವೆಯ ಕರೆಯೋಲೆ. ಅದರ ಅಡಿಯಲ್ಲಿ ಸಂಪರ್ಕಕ್ಕೆಂದು "ಸಿದ್ದೇಗೌಡರ ಬೂತ್" ಎಂದು ಅಚ್ಚಾಗಿತ್ತು. ಇನ್ನೊಂದು, ಅಲ್ಲಿಯ ಶಾಲೆಯೊಂದರ ಸ್ಮರಣಸಂಚಿಕೆಯಲ್ಲಿನ ಜಾಹೀರಾತು. ಬೂತಿನ ಬಾಗಿಲಲ್ಲಿ ಗೌಡರು ನಿಂತ ಚಿತ್ರವೂ ಇತ್ತು. ಇನ್ನೇನು ಬೇಕು?

ಸಂಚಿಕೆ ಹೊರಬಂದ ನಾಲ್ಕನೆಯ ದಿನ ರುಕ್ಸಾನಾ ಮನೆಗೆ ಬಂದು ಫೋನನ್ನು ನನ್ನ ಮುಂದಿಟ್ಟು ದನಿಸಂದೇಶವೊಂದನ್ನು ಹಚ್ಚಿದಳು. ಮುದುಕಿಯೊಬ್ಬಳ ಗಟ್ಟಿ ದನಿ.

"ಅವ್ವಾ ರುಕ್ಸಾನಾ, ನಾನು ಮಳವಳ್ಳಿ ಚಿಕ್ಕತಾಯಮ್ಮ. ಸಿದ್ದೇಗೌಡ್ರು ನಮ್ ಯಜಮಾನ್ರು. ಈಗಿಲ್ಲ. ಒಳ್ಳೇ ಮನ್ಸ. ಆದ್ರೆ ಆ ಬೂತ್ನಲ್ಲಿ ಒಂದಿನಾನೂ ಕೂತೋರಲ್ಲ ಕಣವ್ವ, ಆ ಡಬ್ಬ ಕಂಡ್ರೆ ಎದ್ರೋರು. ಲೈಸನ್ಸು ಅವ್ರ ಎಸ್ರಲ್ಲಿತ್ತು, ಬಾಗ್ಲು ತೆಗ್ದು ನಂಬ್ರು ಒತ್ತುತಿದ್ದೋಳು ನಾನು. ನಮ್ ಮೊಮ್ಮಗ್ಳು ತಾತನ್ ಎಸ್ರು ಬಂತು ಅಂತ ಕುಣುದ್ಲು. ನಾನು ಸುಮ್ಕಿದ್ದೆ. ನೀವು ಮೊದ್ಲು ತಪ್ಪು ಯೋಳ್ತೀರಲ್ಲ, ಅದ್ಕೆ ಯೋಳ್ದೆ. ಯೋಳ್ದಿದ್ರೂ ಓಗ್ಲಿ ಬುಡು."

ನನ್ನ ಕಿವಿ ಬಿಸಿಯಾಯಿತು. "ಇದು ಮೌಖಿಕ ಹೇಳಿಕೆ. ನನ್ನ ಬಳಿ ಎರಡು ಲಿಖಿತ ಆಧಾರಗಳಿವೆ," ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಒಂದು ವೇಳೆ ನಿಜವೇ ಆಗಿದ್ದರೂ, ಬೆಂಗಳೂರಿನವರ ತೀರ್ಮಾನವಾಗಲಿ. ಅದಾದ ಮುಂದಿನ ಸಂಚಿಕೆಯಲ್ಲಿ ತಿದ್ದಬಹುದು" ಎಂದೂ ಸೇರಿಸಿದೆ. ಅವಳ ಹಿತಕ್ಕಾಗಿ ಹೇಳುತ್ತಿದ್ದೇನೆಂದು ಆ ಕ್ಷಣದಲ್ಲಿ ಪ್ರಾಮಾಣಿಕವಾಗಿ ನಂಬಿದ್ದೆ.

ರುಕ್ಸಾನಾ ಫೋನನ್ನು ಜೇಬಿಗೆ ಹಾಕಿಕೊಂಡಳು. "ಮೇಡಂ, ಆ ಮೊಳೆ ಕೆಳ್ಗೆ ಆಡಿ ಬೆಳ್ದೋಳು ನಾನು. ಸುರುಳಿ ಇಂದ್ಗಡೆ ಇಟ್ರೆ ನಮ್ಮಪ್ಪಂಗೆ ಮುಖ ತೋರ್ಸಕಾಗಲ್ಲ. ಇನ್ನೊಂದು ಆಧಾರ ತಾನೇ ನಿಮ್ಗೆ ಬೇಕು? ನಡೀರಿ ಮಳವಳ್ಳಿಗೆ."

ಹೀಗೆ ಮದ್ದೂರಿನಿಂದ ಭಾರತೀನಗರದ ಮೇಲೆ ಹೋಗುವ ಬಸ್ಸನ್ನು ಹತ್ತಿದೆವು. ಶಾಯಿ ಹಾರಿದ ಆ ಟಿಕೆಟ್ಟುಗಳು ಅಂದಿನವು. ದಾರಿಯುದ್ದಕ್ಕೂ ನಾನು ಸ್ಮರಣಸಂಚಿಕೆಯ ನಕಲನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಚಿಕ್ಕತಾಯಮ್ಮನವರು ಮನೆಯ ಜಗುಲಿಯ ಮೇಲೆ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಮುಂದಿಟ್ಟುಕೊಂಡು ಸಿಪ್ಪೆ ಹಿದುಕುತ್ತಿದ್ದರು. ನಾವು ಯಾರೆಂದು ತಿಳಿದ ಕೂಡಲೇ ನಮ್ಮಿಬ್ಬರ ಮುಂದೆಯೂ ಒಂದೊಂದು ಹಿಡಿ ಕಾಳು ಸುರಿದರು. "ಸುಮ್ಕೆ ಕೂತು ಕೇಳ್ಬ್ಯಾಡಿ, ಇದುಕ್ತಾ ಕೇಳಿ. ಬೇಳೆನೂ ಆಯ್ತದೆ, ಮಾತೂ ಆಯ್ತದೆ."

ನಾನು ಹಿದುಕುತ್ತ ವಿಚಾರಣೆ ಆರಂಭಿಸಿದೆ. "ಬೂತು ತೆರೆದದ್ದು ಯಾವ ಇಸವಿ?"

"ಇಸ್ವಿ ಯಾರಿಗ್ಗೊತ್ತು. ನಮ್ ಎರಡ್ನೇ ಮಗ್ಳು ಬೋರ್ಲಾಗೋ ಕಾಲ. ಅವ್ಳನ್ನ ಬೂತ್ನ ಟೇಬಲ್ ಕೆಳ್ಗೇ ಮಲುಗುಸ್ತಿದ್ದೆ."

"ನೀವೇ ನಡೆಸುತ್ತಿದ್ದಿರೆಂಬುದಕ್ಕೆ ದಾಖಲೆ ಏನಾದರೂ ಉಂಟೇ?"

ಅವರು ರುಕ್ಸಾನಾಳ ಕಡೆ ತಿರುಗಿದರು. "ಯಾರವ್ವ ಇವ್ರು, ಪೊಲೀಸ್ನೋರಾ?"

"ಅಲ್ಲ ಕಣಜ್ಜಿ. ಕಲ್ಲು ಓದೋರು. ಕಲ್ಲು ವಾಪಸ್ ಮಾತಾಡಕಿಲ್ಲ ನೋಡಿ, ಅದ್ಕೆ ಇಂಗೇ."

ಮುದುಕಿ ನಕ್ಕು ಬೆಂಗಳೂರು, ಮೈಸೂರು, ಬೊಂಬಾಯಿಗಳ ಎಸ್‌ಟಿಡಿ ಸಂಖ್ಯೆಗಳನ್ನು ಪಟಪಟನೆ ಒಪ್ಪಿಸಿದರು. ಓದು ಬರದವರು ಚೀಟಿ ಹಿಡಿದು ಬಂದರೆ ತಾವೇ ನಂಬರು ಒತ್ತಿಕೊಡುತ್ತಿದ್ದುದನ್ನು ಹೇಳಿದರು. ಲೈನು ಸಿಗುತ್ತದೋ ಇಲ್ಲವೋ ಎಂಬುದು ಮೊದಲ ಕ್ಲಿಕ್ಕಿನಲ್ಲಿಯೇ ತಮ್ಮ ಕಿವಿಗೆ ತಿಳಿಯುತ್ತಿತ್ತೆಂದೂ, ಮಳೆಗಾಲದಲ್ಲಿ ಕರಕರ ಎಂದಾಗ ತಂತಿ ಸೇರುವ ಜಾಗವನ್ನು ಬಿಚ್ಚಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದುದಾಗಿಯೂ ಹೇಳಿದರು. ರುಕ್ಸಾನಾ ಹಿದುಕುವುದನ್ನು ಮರೆತು ಕೇಳುತ್ತಿದ್ದಳು. ಅವಳು ಒಂದೊಂದೇ ಪ್ರಶ್ನೆ ಹಾಕಿದಂತೆ ಇನ್ನಷ್ಟು ಹೊರಬಂತು. ಸುತ್ತು ಎಣಿಸುತ್ತ ಬೆಳೆದವಳೂ ಕ್ಲಿಕ್ಕು ಕೇಳುತ್ತ ದುಡಿದವಳೂ ಒಂದೇ ಕಸುಬಿನವರಂತೆ ಮಾತನಾಡುತ್ತಿದ್ದರು. ನಾನೊಬ್ಬಳೇ ಹೊರಗಿನವಳು.

ಆದರೂ ಹಟ ಬಿಡದೆ ಸ್ಮರಣಸಂಚಿಕೆಯ ನಕಲನ್ನು ತೆಗೆದು ಅವರ ಮುಂದಿಟ್ಟೆ. "ಇದರಲ್ಲಿ ಗೌಡರೇ ಇದ್ದಾರಲ್ಲ."

ಚಿಕ್ಕತಾಯಮ್ಮನವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರವನ್ನು ದೂರ ಹಿಡಿದರು. "ಫೋಟೊ ತೆಗೆಯೋ ದಿನ ಬಿಳೀ ಸರ್ಟು ಆಕ್ಕಂಡು ಬಂದು ನಿಂತ್ಕಂಡ್ರು. ಇಂದೆ ಗಾಜ್ನಲ್ಲಿ ಕೈ ಕಾಣ್ತದಲ್ಲ, ಅದು ನಂದು. ಬೊಂಬಾಯಿ ಲೈನ್ ಸಿಕ್ಕಿತ್ತು, ಬುಟ್ಟು ಏಳಕ್ಕಾಗ್ಲಿಲ್ಲ."

ನಿಜ. ಗೌಡರ ಹೆಗಲ ಹಿಂದೆ ಗಾಜಿನಾಚೆ ರಿಸೀವರು ಹಿಡಿದ ಒಂದು ಮುಂಗೈ ಇತ್ತು. ನಾನು ಅದನ್ನು ನೋಡದೆ ಬಿಟ್ಟವಳಲ್ಲ. ಚೀಟಿಯ ನನ್ನ ಪ್ರತಿಯನ್ನು ತೆಗೆದು ನೋಡಿದೆ. ನನ್ನದೇ ದುಂಡಕ್ಷರದಲ್ಲಿ ಬರೆದಿತ್ತು: "ಗಾಜಿನ ಹಿಂದೆ ಕೈ. ಅದರ ಮೇಲೆ ಕಪ್ಪು ಚುಕ್ಕೆಗಳ ಸಾಲು: ಮುದ್ರಣದೋಷ."

ಭೂತಗನ್ನಡಿಯನ್ನು ಚಿತ್ರದ ಮೇಲೆ ಹಿಡಿದೆ. ಅವರು ಕೇಳದೆಯೇ ತಮ್ಮ ಬಲಗೈಯನ್ನು ಚಿತ್ರದ ಪಕ್ಕಕ್ಕೆ ಚಾಚಿದರು. ಮುಂಗೈಯಲ್ಲಿ ಹಸಿರು ಹಚ್ಚೆ. ರಂಗೋಲಿಯ ಚುಕ್ಕೆಗಳಂತೆ ಮೂರು, ಐದು, ಮೂರು. ಕೆಳಗೆ ಬಾಗಿದ ಒಂದು ಬಳ್ಳಿ. ಚಿತ್ರದಲ್ಲಿಯೂ ಮೂರು, ಐದು, ಮೂರು. ಬಳ್ಳಿ ಅದೇ ಕಡೆಗೆ ಬಾಗಿತ್ತು.

ದಾನ ಕೊಟ್ಟ ದೊರೆಯ ಹೆಸರು ಶಾಸನದ ಮೊದಲಲ್ಲಿರುತ್ತದೆ, ಕಲ್ಲು ಕಡೆದವನ ಹೆಸರು ಸಿಕ್ಕರೆ ಕೊನೆಯ ಸಾಲಿನಲ್ಲಿ; ಆ ಸಾಲನ್ನು ಬಿಡದೆ ಓದಿ ಎಂದು ಸಂಸ್ಥೆಯ ಕಿರಿಯರಿಗೆಲ್ಲ ಹೇಳಿ ಬೇಸರ ಹುಟ್ಟಿಸಿದವಳು ನಾನು. ಆ ಮಧ್ಯಾಹ್ನ ಆ ಮುಂಗೈಯನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ. ಆಯುಷ್ಯದಲ್ಲಿ ನಾನು ಓದಿದ ಶಾಸನಗಳ ಪೈಕಿ ಬೆಚ್ಚಗಿದ್ದದ್ದು ಅದೊಂದೇ.

"ಎಲ್ಡ್ನೇ ಆಧಾರ ಸಿಕ್ತಾ ಮೇಡಂ?" ಎಂದಳು ರುಕ್ಸಾನಾ.

"ಸಿಕ್ಕಿತು."

"ಅಂಗಾದ್ರೆ ಇದುಕಿ. ನಿಮ್ ಮುಂದೆ ಇರೋ ಗುಡ್ಡೆ ಅಂಗೇ ಐತೆ."

ಮಾರನೆಯ ದಿನ ರಜಾಯಿಗಳ ಕೋಣೆಯಲ್ಲಿ ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಸಾಬರು ಸುತ್ತಿಗೆಯನ್ನು ಕೆಳಗಿಟ್ಟು ಬಾಗಿಲಲ್ಲಿ ನಿಂತರು. ನಾನು ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಮೌಖಿಕ ಸಾಕ್ಷ್ಯದ ಇತಿಮಿತಿಗಳು, ಹಳೆಯ ಮುದ್ರಣದ ಗುಣಮಟ್ಟ ಇತ್ಯಾದಿ. ಎರಡನೆಯ ವಾಕ್ಯಕ್ಕೇ ರುಕ್ಸಾನಾ ಕೈ ಎತ್ತಿ ನಿಲ್ಲಿಸಿದಳು.

"ಮೇಡಂ, ಮೊದ್ಲು ತಪ್ಪು. ಆಮೇಲೆ ಮಾತು."

ಕಾಗದವನ್ನು ಮಡಿಸಿದೆ. ಮಳವಳ್ಳಿಯ ಆ ಬೂತನ್ನು ನಡೆಸಿದವರು ಚಿಕ್ಕತಾಯಮ್ಮನವರು, ಸಿದ್ದೇಗೌಡರೆಂದು ಬರೆದದ್ದು ತಪ್ಪು, ಬರೆದವಳು ನಾನು, ಅವರ ಕೈ ನನ್ನ ಕಣ್ಣೆದುರಿಗೇ ಇದ್ದಾಗಲೂ ಅದನ್ನು ಅಚ್ಚಿನ ದೋಷವೆಂದು ಬರೆದೆ ಎಂದು ಹೇಳಿದೆ. ಇಷ್ಟು ಚಿಕ್ಕದಾಗಿ ನಾನು ಎಂದೂ ಮಾತನಾಡಿದವಳಲ್ಲ. ಮುಗಿದಾಗ ನನ್ನ ಮುಷ್ಟಿಯೊಳಗೆ ಏನನ್ನೋ ಹಿಂಡುತ್ತಿದ್ದೆನೆಂಬ ಅರಿವೂ ನನಗಿರಲಿಲ್ಲ. ಮೈಕು ಬರಿತಲೆಯಲ್ಲಿ ನಿಂತಿತ್ತಂತೆ. ಟೋಪಿ ಹೀಗೆ ನನ್ನ ಚೀಲವನ್ನು ಸೇರಿತು.

ಆ ಸಂಚಿಕೆಯೇ ಬೆಂಗಳೂರಿಗೆ ಹೋಯಿತು. ಉಸಿರಿನ ಸದ್ದೂ ಹಾಗೆಯೇ ಇತ್ತು. ಕೆಲವು ವಾರಗಳ ನಂತರ ಉತ್ತರ ಬಂತು: ಕಾರ್ಯಕ್ರಮ ಒಪ್ಪಿಗೆಯಾಗಿದೆ, ತಿದ್ದುಪಡಿ ಮಾತ್ರ ಕೊನೆಗೆ ಹೋಗಲಿ. ರುಕ್ಸಾನಾ ಅದನ್ನು ನನಗೆ ಓದಿ ಹೇಳಿದಳು. ನಾನು ಸಲಹೆ ಕೊಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ನೀವ್ ಯೋಚ್ನೆ ಮಾಡ್ಬೇಡಿ, ಆಗ್ಲೇ ಬರ್ದಾಯ್ತು. ಮುಂದ್ಗಡೆ ಇದ್ರೆ ಬತ್ತೀನಿ, ಇಲ್ದಿದ್ರೆ ಗೆಜ್ಜಲಗೆರೆ ಬಸ್ಸು ಐತೆ" ಎಂದಳು. ಮೂರು ದಿನ ಕಳೆಯಿತು. ಬಳಿಕ ಒಂದು ಸಾಲಿನ ಪತ್ರ: ಇದ್ದಂತೆಯೇ ಇರಲಿ.

ಈಗ ಆ ದನಿ ಎಲ್ಲೆಲ್ಲಿಗೋ ಹೋಗುತ್ತಿದೆ. ನನಗೆ ಗುರುತೇ ಇಲ್ಲದ ಊರುಗಳವರು ಪೇಟೆ ಬೀದಿಯ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾರೆ. ಚಿಕ್ಕತಾಯಮ್ಮನವರೊಡನೆ ನಡೆಸಿದ ಪೂರ್ತಿ ಸಂಚಿಕೆಯೂ ಬಂತು. ಅವರ ಮೊಮ್ಮಗಳು ಅದನ್ನು ಎಷ್ಟು ಸಲ ಹಾಕಿದಳೆಂದರೆ, ಅಜ್ಜಿಯೇ "ಸಾಕು ಬುಡವ್ವ, ನನ್ ಮಾತು ನಂಗೇ ಬೇಜಾರಾಯ್ತು" ಎಂದರಂತೆ. ನನ್ನ ಹೆಸರಿನಲ್ಲಿ ಎಂಟು ಗ್ರಂಥಗಳಿವೆ. ಆದರೆ ಯಾರಾದರೂ ಕೇಳಿದರೆ, ನಾನು ಆ ಹುಡುಗಿಯ ಚೀಟಿ ಬರೆಯುವವಳೆಂದು ಹೇಳಿಕೊಳ್ಳುತ್ತೇನೆ.

ಜಯಮ್ಮ ಟೋಪಿಯನ್ನು ಕಂಡುಹಿಡಿದ ಸಂಜೆ ರುಕ್ಸಾನಾಳಿಗೆ ಫೋನು ಮಾಡಿ, ತಂದುಕೊಡುವೆನೆಂದೆ. "ಬ್ಯಾಡಿ, ಹೊಸ್ದು ತಗಂಡಿದ್ದೀನಿ. ನಿಮ್ಮತ್ರಾನೇ ಇರ್ಲಿ" ಎಂದಳು. ಮುಂಬಾಗಿಲ ಚೌಕಟ್ಟಿಗೆ ಒಂದು ಮೊಳೆ ಬಡಿಸಿ ಅದನ್ನು ತೂಗುಹಾಕಿದೆ.

ನಿನ್ನೆ ನಮ್ಮ ಮೋಟಾರು ನೋಡಲು ಬಂದ ಸಾಬರು ಅದರ ಕೆಳಗೆ ನಿಂತು ಒಂದು ನಿಮಿಷ ದಿಟ್ಟಿಸಿದರು.

"ರಿಪೇರಿ ಆದ್ಮೇಲೆ ಇಳುಸ್ಬೇಕು ಟೀಚರಮ್ಮ. ಅದೇ ಪದ್ಧತಿ."

"ನಾನು ರಿಪೇರಿಯಾದೆನೆಂಬುದಕ್ಕೆ ಆ ಸಂಚಿಕೆಯೊಂದೇ ಆಧಾರ ಸಾಬರೇ. ಇನ್ನೊಂದು ಸಿಗಲಿ" ಎಂದೆ.

ಅವರು ಸ್ಪಾನರು ತೆಗೆದುಕೊಂಡು ಹಿತ್ತಿಲ ಕಡೆ ನಡೆದರು. "ಅಂಗಾದ್ರೆ ಅದು ಅಲ್ಲೇ ಇರ್ತದೆ ಬುಡಿ."